ಕೀಲಿಮಣೆಗೂ ಒಂದು ತೊಟ್ಟು ಕೀಲೆಣ್ಣೆ

(ಅತಿಥಿ ಉಪನ್ಯಾಸದ ಬರಹರೂಪ)



ಸಂಘದ ವೇದಿಕೆಯ ಮೇಲೆ ಸಾಮಾನ್ಯವಾಗಿ ಸಾಹಿತ್ಯ, ಸಂಗೀತ, ಇತಿಹಾಸಗಳನ್ನು ಕುರಿತ ಉಪನ್ಯಾಸಗಳು ನಡೆಯುತ್ತವೆ. ಈ ಸಲ ನಾವು ಆರಿಸಿಕೊಂಡಿರುವ ವಿಷಯ ಅವುಗಳ ಪಕ್ಕದಲ್ಲಿ ಬಹಳ ಸಣ್ಣದೆಂದು ತೋರೀತು. ಗಣಕದ ಕೀಲಿಮಣೆಯ ಉದ್ದ ಕೀಲಿಗಳ ಅಡಿಯಲ್ಲಿ ಒಂದು ತಂತಿಯಿರುತ್ತದೆ. ಅದಕ್ಕೆ ಜಿಡ್ಡು ಸವರುವ ಕ್ರಮವೇ ಇಂದಿನ ವಿಷಯ. ಇಂಗ್ಲಿಷಿನಲ್ಲಿ ಆ ತಂತಿಯ ಜೋಡಣೆಗೆ ಸ್ಟೆಬಿಲೈಜರ್ ಎಂದು ಹೆಸರು. ನಾವು ಈ ಬರಹದಲ್ಲಿ ಅದನ್ನು ಸಮತೋಲಕ ಎಂದು ಕರೆಯುತ್ತೇವೆ.

ಕೀಲಿಮಣೆಗಳನ್ನು ಬಿಚ್ಚಿ, ಶುಚಿಗೊಳಿಸಿ, ಮತ್ತೆ ಜೋಡಿಸುವ ಹವ್ಯಾಸ ಅಮೆರಿಕದ ತರುಣರಲ್ಲಿ ಕಳೆದ ಹತ್ತು ಹದಿನೈದು ವರ್ಷಗಳಿಂದ ಬೆಳೆದಿದೆ. ನಮ್ಮ ಮಕ್ಕಳೂ ಅವರಲ್ಲಿದ್ದಾರೆ. ವಾಷಿಂಗ್ಟನ್ ಸುತ್ತಿನಲ್ಲಾಗಲಿ, ಅಟ್ಲಾಂಟಾದಲ್ಲಾಗಲಿ, ಕ್ಯಾರೊಲಿನಾಗಳಲ್ಲಾಗಲಿ, ಹದಿಹರೆಯದ ಹುಡುಗನೊಬ್ಬನಿರುವ ಮನೆಯಲ್ಲಿ ಟಪಟಪ ಸದ್ದಿನ ಯಾಂತ್ರಿಕ ಕೀಲಿಮಣೆಯೊಂದು ಸಿಕ್ಕುವುದು ಅಪರೂಪವಲ್ಲ. ಅವನ ಆಟದ ಮೇಜಿನ ಮೇಲಿರುವ ಆ ಸಾಧನಕ್ಕೂ, ಅದೇ ಮನೆಯಲ್ಲಿ ಆರು ತಿಂಗಳ ಮಟ್ಟಿಗೆ ಬಂದಿಳಿದು ಊರಿನ ಗೆಳೆಯರಿಗೆ ಕನ್ನಡದಲ್ಲಿ ಪತ್ರ ಬರೆಯಲು ಕುಳಿತ ಅಜ್ಜನಿಗೂ ಏನು ಸಂಬಂಧವೆಂಬುದನ್ನು ತೋರಿಸುವುದೇ ಈ ಬರಹದ ಉದ್ದೇಶ. ಉದ್ದ ಕೀಲಿಗಳಲ್ಲಿ ಎರಡು ಶಿಫ್ಟ್ ಕೀಲಿಗಳು. ಇಂಗ್ಲಿಷನ್ನು ಶಿಫ್ಟ್ ಇಲ್ಲದೆ ಬರೆದರೂ ಓದುವವರಿಗೆ ಅರ್ಥವಾಗುತ್ತದೆ. ಕನ್ನಡ ಹಾಗಲ್ಲ, ಶಿಫ್ಟ್ ಕೈಕೊಟ್ಟರೆ ಅರ್ಥವೇ ಕೈಕೊಡುತ್ತದೆ.

ಶಿಫ್ಟ್ ಎಂಬ ಹೆಸರಿನ ಹಿಂದೆ

ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಸೇರಿದ ಅಮೆರಿಕದ ಇತಿಹಾಸದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ಶೋಲ್ಸ್, ಗ್ಲಿಡನ್ ಮತ್ತು ಸೂಲೆ ಎಂಬ ಮೂವರು ಪೇಟೆಂಟಿಗಾಗಿ ಒಪ್ಪಿಸಿದ ಬೆರಳಚ್ಚು ಯಂತ್ರದ ಮಾದರಿಯಿದೆ. ಅವರ ಪೇಟೆಂಟಿನ ವರ್ಷ 1868. ಅದರಿಂದ ಬೆಳೆದು 1874ರಲ್ಲಿ ಮಾರಾಟಕ್ಕೆ ಬಂದ ಯಂತ್ರದಲ್ಲಿ ದೊಡ್ಡಕ್ಷರಗಳು ಮಾತ್ರ ಇದ್ದವು, ಶಿಫ್ಟ್ ಇರಲಿಲ್ಲ. 1878ರಲ್ಲಿ ಬಂದ ರೆಮಿಂಗ್ಟನ್ ಸಂಖ್ಯೆ 2 ಎಂಬ ಯಂತ್ರದಲ್ಲಿ ಒಂದೊಂದು ಅಚ್ಚಿನ ಕೋಲಿಗೂ ಎರಡೆರಡು ಅಕ್ಷರಗಳನ್ನು ಕೊಟ್ಟು, ಎರಡನೆಯದು ಬೇಕಾದಾಗ ಕಾಗದ ಹೊತ್ತ ಬಂಡಿಯನ್ನೇ ಸರಿಸುವ ಏರ್ಪಾಟು ಮಾಡಿದರು. ಸರಿಸುವ ಕೀಲಿಯಾದ್ದರಿಂದ ಅದಕ್ಕೆ ಶಿಫ್ಟ್ ಎಂದು ಹೆಸರಾಯಿತು. ಊರಿನಲ್ಲಿ ಬೆರಳಚ್ಚು ಶಾಲೆಗೆ ಹೋದವರಿಗೆ ಕಿರುಬೆರಳಿನಿಂದ ಆ ಕೀಲಿಯನ್ನು ಒತ್ತಲು ಎಷ್ಟು ಬಲ ಬೇಕಾಗುತ್ತಿತ್ತೆಂಬುದು ನೆನಪಿರಬಹುದು. ಇಂದಿನ ಕೀಲಿಮಣೆಯಲ್ಲಿ ಸರಿಯುವ ಬಂಡಿಯಿಲ್ಲ, ಭಾರವೂ ಇಲ್ಲ. ಹೆಸರು ಮಾತ್ರ ಉಳಿದಿದೆ.

ಕೀಲಿಮಣೆಯ ಕಥೆಯಲ್ಲಿ ಉತ್ತರ ಕ್ಯಾರೊಲಿನಾಕ್ಕೂ ಪಾಲುಂಟು. ರಾಲೀ ನಗರದಲ್ಲಿದ್ದ ಐ.ಬಿ.ಎಂ. ಎಂಜಿನಿಯರ್ ರಿಚರ್ಡ್ ಹಂಟರ್ ಹ್ಯಾರಿಸ್ ಅವರಿಗೆ 1978ರಲ್ಲಿ ಬಾಗುವ ಸುರುಳಿಯ ಕೀಲಿಗಾಗಿ ಪೇಟೆಂಟ್ ದೊರೆಯಿತು. ಒತ್ತಿದಾಗ ಒಳಗಿನ ಸುರುಳಿ ಪಕ್ಕಕ್ಕೆ ಥಟ್ಟನೆ ಬಾಗಿ ಟಕ್ ಎಂಬ ಸದ್ದು ಮಾಡುವುದು ಅದರ ಗುಣ. ಇದೇ ತತ್ವವನ್ನು ಮುಂದುವರಿಸಿ ಐ.ಬಿ.ಎಂ. 1985ರ ಹೊತ್ತಿಗೆ ಹೊರತಂದ ಮಾಡೆಲ್ ಎಂ ಎಂಬ ಕೀಲಿಮಣೆಯನ್ನು ಇಂದಿಗೂ ಮೆಚ್ಚಿ ಬಳಸುವವರಿದ್ದಾರೆ. ಅದರ ಸ್ಪೇಸ್ ಪಟ್ಟಿಯ ಅಡಿಯಲ್ಲೂ ಒಂದು ಉಕ್ಕಿನ ತಂತಿಯಿದೆ. ಇಂದು ಹೆಚ್ಚು ಪ್ರಚಾರದಲ್ಲಿರುವುದು 1980ರ ದಶಕದಲ್ಲಿ ಚೆರಿ ಎಂಬ ಕಂಪನಿ ರೂಪಿಸಿದ ಎಂ.ಎಕ್ಸ್. ಮಾದರಿಯ ಸ್ವಿಚ್ಚು ಮತ್ತು ಅದರ ಅನುಕರಣೆಗಳು. ನಾವು ಮುಂದೆ ಹೇಳುವುದೆಲ್ಲ ಈ ಮಾದರಿಯ ಕೀಲಿಮಣೆಗಳಿಗೆ ಅನ್ವಯಿಸುತ್ತದೆ.

ಕನ್ನಡ ಬರವಣಿಗೆಯಲ್ಲಿ ಶಿಫ್ಟಿನ ಸ್ಥಾನ

ಕನ್ನಡದ ಅಕ್ಷರಗಳನ್ನು ಗಣಕದ ಕೀಲಿಗಳ ಮೇಲೆ ಹಂಚಿದವರಲ್ಲಿ ಕಿನ್ನಿಕಂಬಳ ಪದ್ಮನಾಭ ರಾವ್ ಅವರ ಹೆಸರು ಮೊದಲು ಬರುತ್ತದೆ. ಕೆ. ಪಿ. ರಾವ್ ಎಂದೇ ಪ್ರಸಿದ್ಧರಾದ ಅವರು ರೂಪಿಸಿದ ವಿನ್ಯಾಸವನ್ನು ಕರ್ನಾಟಕ ಸರ್ಕಾರ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಅದು ಮನೆಮನೆಗೂ ಬಂದಿತು. ಇಂಗ್ಲಿಷ್ ಕೀಲಿಯ ಉಚ್ಚಾರಕ್ಕೆ ಹತ್ತಿರವಾದ ಕನ್ನಡ ಅಕ್ಷರವನ್ನು ಆ ಕೀಲಿಗೆ ಕೊಡುವುದು, ಅದರ ಜೊತೆಯ ಅಕ್ಷರವನ್ನು ಶಿಫ್ಟಿನೊಂದಿಗೆ ಕೊಡುವುದು, ಇದು ಆ ವಿನ್ಯಾಸದ ಮೂಲಸೂತ್ರ. ಕೆ ಒತ್ತಿದರೆ ಕ, ಶಿಫ್ಟಿನೊಡನೆ ಖ. ಡಿ ಒತ್ತಿದರೆ ದ, ಶಿಫ್ಟಿನೊಡನೆ ಧ. ಎಲ್ ಕೀಲಿಯಲ್ಲಿ ಲ ಮತ್ತು ಳ, ಎನ್ ಕೀಲಿಯಲ್ಲಿ ನ ಮತ್ತು ಣ, ಎಸ್ ಕೀಲಿಯಲ್ಲಿ ಸ ಮತ್ತು ಶ. ಎಂ ಕೀಲಿಗೆ ಶಿಫ್ಟ್ ಸೇರಿದರೆ ಅನುಸ್ವಾರ. ಹ್ರಸ್ವ ಸ್ವರಗಳು ನೇರವಾಗಿ, ಅವುಗಳ ದೀರ್ಘಗಳು ಶಿಫ್ಟಿನೊಡನೆ.

ಹೀಗಾಗಿ ಕನ್ನಡದಲ್ಲಿ ದೀರ್ಘ, ಮಹಾಪ್ರಾಣ, ಅನುಸ್ವಾರ, ಳಕಾರ, ಣಕಾರಗಳೆಲ್ಲ ಶಿಫ್ಟಿನ ಅಧೀನ. ಬೆಂಗಳೂರು ಎಂದು ಬರೆಯಲು ಎಂಟು ಕೀಲಿಗಳನ್ನು ಒತ್ತಬೇಕು. ಅನುಸ್ವಾರ, ಳ, ದೀರ್ಘ ಊಕಾರ ಈ ಮೂರಕ್ಕೂ ಶಿಫ್ಟ್ ಬೇಕು. ಧಾರವಾಡಕ್ಕೆ ಆರು ಕೀಲಿಗಳು, ಅವುಗಳಲ್ಲಿ ಮೂರಕ್ಕೆ ಶಿಫ್ಟ್. ಮಂಗಳೂರಿಗೆ ಏಳರಲ್ಲಿ ಮೂರು. ಕನ್ನಡ ಎಂಬ ಪದವೊಂದು ಮಾತ್ರ ಈ ವಿನ್ಯಾಸದಲ್ಲಿ ಶಿಫ್ಟಿನ ಹಂಗಿಲ್ಲದೆ ಮೂಡುತ್ತದೆಂಬುದು ಒಂದು ಸೊಗಸು. ಇಂಗ್ಲಿಷಿನಲ್ಲಾದರೆ ವಾಕ್ಯದ ಮೊದಲಕ್ಷರಕ್ಕೂ ಅಂಕಿತನಾಮಕ್ಕೂ ಶಿಫ್ಟ್ ಒತ್ತಿದರೆ ಬಹುಪಾಲು ಕೆಲಸ ಮುಗಿಯಿತು.

ಬೇರೆ ವಿನ್ಯಾಸಗಳನ್ನು ಬಳಸುವವರಿಗೂ ಬಿಡುಗಡೆಯಿಲ್ಲ. 1998ರಲ್ಲಿ ಹೊರಬಂದ ಬರಹ ತಂತ್ರಾಂಶದ ಲಿಪ್ಯಂತರ ಕ್ರಮದಲ್ಲಿ ಟ, ಡ, ಣ, ಳ ಇವೆಲ್ಲ ದೊಡ್ಡಕ್ಷರಗಳಿಂದ ಬರುತ್ತವೆ. ಭಾರತ ಸರ್ಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಮಹಾಪ್ರಾಣಗಳಿಗೂ, ಪದದ ಆದಿಯಲ್ಲಿ ಬರುವ ಸ್ವತಂತ್ರ ಸ್ವರಗಳಿಗೂ, ಣ ಮತ್ತು ಳಗಳಿಗೂ ಶಿಫ್ಟ್ ಬೇಕು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಕನ್ನಡ ಪ್ರತ್ಯಯಗಳನ್ನು ಪದಕ್ಕೆ ಅಂಟಿಸಿಕೊಂಡು ಸಾಗುವ ಭಾಷೆ. ಹೋಗಬೇಕಾಗಿತ್ತಂತೆ ಎಂಬ ಒಂದು ಪದದಲ್ಲಿ ನಾವು ಹೇಳುವುದನ್ನು ಹೇಳಲು ಇಂಗ್ಲಿಷಿಗೆ ನಾಲ್ಕೈದು ಪದಗಳು ಬೇಕು. ಅಷ್ಟು ಪದಗಳ ನಡುವೆ ಅಷ್ಟು ಸಲ ಸ್ಪೇಸ್ ಒತ್ತಬೇಕು. ಆದ್ದರಿಂದ ಇಂಗ್ಲಿಷ್ ಬರೆಯುವವರು ಸ್ಪೇಸ್ ಪಟ್ಟಿಯ ಸದ್ದನ್ನು ಕುರಿತೇ ಹೆಚ್ಚು ತಲೆಕೆಡಿಸಿಕೊಳ್ಳುವುದು ಸಹಜ. ಕನ್ನಡ ಬರೆಯುವವರು ಶಿಫ್ಟಿನಿಂದ ಆರಂಭಿಸುವುದು ಲೇಸು ಎಂಬುದು ನಮ್ಮ ಅಭಿಪ್ರಾಯ.

ಶಿಫ್ಟ್ ಕೆಟ್ಟರೆ ಏನಾಗುತ್ತದೆ? ಎರಡು ಬಗೆಯ ಅನರ್ಥಗಳುಂಟು. ಕೀಲಿ ಒಂದು ಪಕ್ಕಕ್ಕೆ ವಾಲಿ, ಪೂರ್ತಿ ಇಳಿಯದೆ ನಿಂತರೆ ಳ ಬರಬೇಕಾದಲ್ಲಿ ಲ ಬರುತ್ತದೆ. ಆಗ ಮಳೆ ಮಲೆಯಾಗುತ್ತದೆ, ಬಳೆ ಬಲೆಯಾಗುತ್ತದೆ, ನಮ್ಮ ಹಳ್ಳಿ ಹಲ್ಲಿಯಾಗುತ್ತದೆ. ಕೀಲಿ ಇಳಿದದ್ದು ಮೇಲೇಳಲು ತಡಮಾಡಿದರೆ ಇನ್ನೊಂದು ತೊಂದರೆ: ಮುಂದಿನ ಅಕ್ಷರವೂ ಶಿಫ್ಟಿನ ಪ್ರಭಾವಕ್ಕೆ ಸಿಕ್ಕುತ್ತದೆ. ಆದಿ ಎಂದು ಬರೆಯಹೊರಟವರ ಪರದೆಯ ಮೇಲೆ ಆಧಿ ಮೂಡುತ್ತದೆ. ಮೊದಲನೆಯದಕ್ಕೆ ಆರಂಭವೆಂದೂ ಎರಡನೆಯದಕ್ಕೆ ಮನೋವ್ಯಥೆಯೆಂದೂ ಅರ್ಥ. ಬರೆಯುವವರು ವೃದ್ಧರಾಗಿದ್ದರೆ, ಅಥವಾ ಕನ್ನಡವನ್ನು ಈಗತಾನೆ ಕಲಿಯುತ್ತಿರುವ ಮಕ್ಕಳಾಗಿದ್ದರೆ, ತಪ್ಪು ಯಂತ್ರದ್ದೆಂದು ಅವರಿಗೆ ಹೊಳೆಯುವುದಿಲ್ಲ. ತಮಗೇ ಕನ್ನಡ ಬಾರದೆಂದು ತಿಳಿದು ಕೈಬಿಡುತ್ತಾರೆ. ಈ ಸಣ್ಣ ತಂತಿಯ ವಿಚಾರವನ್ನು ನಾವು ಇಲ್ಲಿಯವರೆಗೆ ಎಳೆದು ತರಲು ಇದೇ ಕಾರಣ.

ಸಮತೋಲಕದ ರಚನೆ

ಕೀಲಿಮಣೆಯ ಸಾಧಾರಣ ಅಕ್ಷರದ ಕೀಲಿಗೆ ಮುಕ್ಕಾಲು ಅಂಗುಲ, ಅಂದರೆ 19.05 ಮಿಲಿಮೀಟರ್ ಜಾಗ ಮೀಸಲು. ಇದನ್ನು ಒಂದು ಪಾಲು ಎಂದುಕೊಳ್ಳೋಣ. ಅಮೆರಿಕದ ಮಾದರಿಯಲ್ಲಿ ಎಡ ಶಿಫ್ಟ್ 2.25 ಪಾಲು, ಬಲ ಶಿಫ್ಟ್ 2.75 ಪಾಲು, ಎಂಟರ್ 2.25 ಪಾಲು, ಬ್ಯಾಕ್‌ಸ್ಪೇಸ್ 2 ಪಾಲು, ಸ್ಪೇಸ್ ಪಟ್ಟಿ ಸಾಮಾನ್ಯವಾಗಿ 6.25 ಪಾಲು, ಅಂದರೆ ಸುಮಾರು 12 ಸೆಂಟಿಮೀಟರ್. ಎಷ್ಟೇ ಉದ್ದವಿದ್ದರೂ ಒಂದು ಕೀಲಿಗೆ ಸ್ವಿಚ್ಚು ಒಂದೇ, ಅದು ನಡುವಿನಲ್ಲಿರುತ್ತದೆ. ನಾವಾದರೋ ಶಿಫ್ಟನ್ನು ನಡುವಿನಲ್ಲಿ ಒತ್ತುವುದಿಲ್ಲ. ಕಿರುಬೆರಳು ತುದಿಗೇ ಬೀಳುತ್ತದೆ. ಆಸರೆಯಿಲ್ಲದಿದ್ದರೆ ಕೀಲಿ ಏತದ ಮರದಂತೆ ಒಂದು ಕಡೆ ಇಳಿದು ಇನ್ನೊಂದು ಕಡೆ ಏಳಬೇಕಾಗುತ್ತಿತ್ತು.

ಅದನ್ನು ತಡೆಯುವುದೇ ಸಮತೋಲಕ. ಸ್ವಿಚ್ಚಿನ ಎರಡು ಪಕ್ಕಗಳಲ್ಲಿ ಎರಡು ಪ್ಲಾಸ್ಟಿಕ್ ಗೂಡುಗಳು; ಒಂದೊಂದು ಗೂಡಿನಲ್ಲೂ ಮೇಲೆ ಕೆಳಗೆ ಜಾರುವ ಒಂದು ಪುಟ್ಟ ಕಂಬ; ಎರಡು ಕಂಬಗಳನ್ನೂ ಬೆಸೆಯುವ ಒಂದು ಉಕ್ಕಿನ ತಂತಿ. ತಂತಿಯ ಎರಡು ತುದಿಗಳು ಲಂಬವಾಗಿ ಬಾಗಿ ಕಂಬಗಳ ರಂಧ್ರದೊಳಗೆ ಹೋಗಿರುತ್ತವೆ. ಎತ್ತುಗಳ ಹೆಗಲ ಮೇಲಿನ ನೊಗವನ್ನು ನೆನೆದುಕೊಂಡರೆ ಇದರ ಕೆಲಸ ತಿಳಿಯುತ್ತದೆ. ಒಂದು ಎತ್ತು ಹೆಜ್ಜೆಯಿಟ್ಟರೆ ಇನ್ನೊಂದೂ ಇಡಲೇಬೇಕು. ಹಾಗೆಯೇ ಒಂದು ಕಂಬ ಇಳಿದರೆ ತಂತಿ ಹೊರಳಿ ಇನ್ನೊಂದನ್ನೂ ಅಷ್ಟೇ ಇಳಿಸುತ್ತದೆ. ಬ್ಯಾಕ್‌ಸ್ಪೇಸ್, ಎಂಟರ್, ಎರಡು ಶಿಫ್ಟ್ ಈ ನಾಲ್ಕಕ್ಕೂ ಒಂದೇ ಅಳತೆಯ ಸಮತೋಲಕ ಸಾಕು. ಅದರ ಕಂಬಗಳ ನಡುವಣ ಅಂತರ ಸುಮಾರು 24 ಮಿಲಿಮೀಟರ್. ಸ್ಪೇಸ್ ಪಟ್ಟಿಯದು 100 ಮಿಲಿಮೀಟರ್. ಹೀಗೆ ಅಂಕಿಗಳ ಗುಂಪಿಲ್ಲದ ಕೀಲಿಮಣೆಗೆ ಐದು ಸಮತೋಲಕಗಳು, ಬಲಗಡೆ ಅಂಕಿಗಳ ಗುಂಪಿರುವ ಪೂರ್ಣ ಕೀಲಿಮಣೆಗೆ ಎಂಟು.

ಸದ್ದಿನ ಮೂಲ

ತಂತಿಯ ತುದಿ ಸಲೀಸಾಗಿ ಹೊರಳಬೇಕಾದರೆ ರಂಧ್ರ ಅದಕ್ಕಿಂತ ಒಂದು ಕೂದಲೆಳೆಯಷ್ಟಾದರೂ ದೊಡ್ಡದಿರಬೇಕು. ಆ ಎಡೆಯಲ್ಲಿ ಲೋಹ ಪ್ಲಾಸ್ಟಿಕ್ಕಿಗೆ ಬಡಿಯುವುದೇ ಗಲಗಲ ಸದ್ದಿಗೆ ಕಾರಣ. ಉದ್ದ ಕೀಲಿಯ ಟೊಳ್ಳಾದ ಟೊಪ್ಪಿಗೆ ಆ ಸದ್ದನ್ನು ತಂಬೂರಿಯ ಬುರುಡೆಯಂತೆ ಹಿಗ್ಗಿಸುತ್ತದೆ. ಇದು ಮೊದಲನೆಯ ದೋಷ. ಕಂಬ ತನ್ನ ಗೂಡಿನ ಗೋಡೆಗೆ ಉಜ್ಜುತ್ತ ಜಾರುವಾಗ ಗೀರುವ ಅನುಭವ ಮತ್ತು ತಡೆ ಉಂಟಾಗುವುದು ಎರಡನೆಯ ದೋಷ. ತಂತಿಯೇ ಸೊಟ್ಟಗಿದ್ದು ಒಂದು ಕಂಬ ಇನ್ನೊಂದಕ್ಕಿಂತ ಮೊದಲು ನೆಲ ಮುಟ್ಟುವುದು ಮೂರನೆಯ ದೋಷ.

ಈ ಮೂರಕ್ಕೂ ಮದ್ದು ಬೇರೆ ಬೇರೆ. ಉಜ್ಜಾಟಕ್ಕೆ ತೆಳುವಾದ ಲೇಪ ಸಾಕು. ಗಲಗಲ ಸದ್ದಿಗೆ ಎಡೆಯನ್ನು ತುಂಬಿ, ಬಡಿತವನ್ನು ಮೆತ್ತಗೆ ತಡೆಯುವ ಗಟ್ಟಿ ಜಿಡ್ಡು ಬೇಕು. ಸೊಟ್ಟ ತಂತಿಗೆ ಯಾವ ಜಿಡ್ಡೂ ಮದ್ದಲ್ಲ. ಅದನ್ನು ನೆಟ್ಟಗೆ ಮಾಡಲೇಬೇಕು. ಈ ಮೂರನ್ನು ಬೇರ್ಪಡಿಸಿ ನೋಡದೆ ಎಲ್ಲಕ್ಕೂ ಜಿಡ್ಡನ್ನು ಮೆತ್ತಿದರೆ ಕೀಲಿ ಕೆಸರಿನಲ್ಲಿ ಸಿಕ್ಕ ಗಾಲಿಯಂತಾಗುತ್ತದೆ.

ಯಾವ ಎಣ್ಣೆ?

ಕಿರುಗುಟ್ಟುವುದೆಲ್ಲಕ್ಕೂ ಅಡುಗೆಮನೆಯ ಎಣ್ಣೆಯನ್ನೇ ತರುವುದು ನಮ್ಮವರ ವಾಡಿಕೆ. ತೂಗುಮಣೆಯ ಸರಪಳಿಗಾಗಲಿ ಬಾಗಿಲ ತಿರುಗಣಿಗಾಗಲಿ ಅದು ನಡೆದೀತು. ಕೀಲಿಮಣೆಗೆ ಸಲ್ಲದು. ಕೊಬ್ಬರಿ ಎಣ್ಣೆ ಸುಮಾರು 76 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ವರ್ಜೀನಿಯಾದ ಚಳಿಗಾಲದಲ್ಲಿ ಮನೆಯನ್ನು 68 ಡಿಗ್ರಿಗೆ ಬೆಚ್ಚಗಿಟ್ಟರೂ ಅದು ಗಟ್ಟಿಯಾಗಿಯೇ ಉಳಿಯುತ್ತದೆ. ಬೇರೆ ಅಡುಗೆ ಎಣ್ಣೆಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಕಾಲಕ್ರಮದಲ್ಲಿ ಅಂಟಾಗುತ್ತವೆ. ಹೊಲಿಗೆ ಯಂತ್ರದ ಎಣ್ಣೆ ಬಹಳ ತೆಳು. ನಿಂತಲ್ಲಿ ನಿಲ್ಲದೆ ಹರಿದು ಸ್ವಿಚ್ಚಿನೊಳಗೆ ಸೇರುತ್ತದೆ. ಡಬ್ಬಿಯಿಂದ ಚಿಮ್ಮಿಸುವ ಡಬ್ಲ್ಯೂ.ಡಿ. 40 ಮುಖ್ಯವಾಗಿ ತೇವವನ್ನು ಓಡಿಸಲು ಹುಟ್ಟಿದ್ದು; ಅದರ ದ್ರಾವಕ ಆರಿಹೋದ ಮೇಲೆ ಉಳಿಯುವ ಪದರ ಈ ಕೆಲಸಕ್ಕೆ ಸಾಲದು. ಪೆಟ್ರೋಲಿಯಂ ಮೂಲದ ಜಿಡ್ಡುಗಳು ಕೆಲವು ಪ್ಲಾಸ್ಟಿಕ್ಕುಗಳನ್ನು ಉಬ್ಬಿಸುತ್ತವೆ ಅಥವಾ ಬಿರಿಯಿಸುತ್ತವೆ.

ಹವ್ಯಾಸಿಗಳು ಬಳಸುವುದು ಎರಡು ಬಗೆಯವು. ಮೊದಲನೆಯದು ಕ್ರೈಟಾಕ್ಸ್ 205 ಜಿ 0 ಎಂಬ ಬಿಳಿಯ ಜಿಡ್ಡು. ಇದು ಫ್ಲೋರಿನ್ನುಳ್ಳ ಸಂಶ್ಲೇಷಿತ ತೈಲಕ್ಕೆ, ಅಂಟದ ಬಾಣಲೆಗಳ ಮೇಲೆ ಬಳಿಯುವ ಟೆಫ್ಲಾನ್ ಜಾತಿಯ ಪುಡಿಯನ್ನು ಬೆರೆಸಿ ಮಾಡಿದ್ದು. ಪ್ಲಾಸ್ಟಿಕ್ಕಿಗೆ ಹಾನಿ ಮಾಡುವುದಿಲ್ಲ, ಬೇಗ ಆರುವುದಿಲ್ಲ, ಅಂಟಾಗುವುದಿಲ್ಲ. ಗೂಡು ಮತ್ತು ಕಂಬಗಳಿಗೆ ಇದು ತಕ್ಕದ್ದು. ಎರಡನೆಯದು ವಾಹನಗಳ ಬಿಡಿಭಾಗದ ಅಂಗಡಿಗಳಲ್ಲಿ ಸಿಕ್ಕುವ ಸಿಲಿಕೋನ್ ಮೂಲದ ಡೈಎಲೆಕ್ಟ್ರಿಕ್ ಗ್ರೀಸ್. ಇದು ಬೆಣ್ಣೆಯಷ್ಟು ಗಟ್ಟಿ, ಬೆಲೆಯೂ ಕಡಿಮೆ. ತಂತಿಯ ತುದಿಗಳಿಗೆ ಇದು ತಕ್ಕದ್ದು. ಅಟ್ಲಾಂಟಾದಂಥ ತೇವದ ಬೇಸಿಗೆಯಲ್ಲಿ ಗ್ಯಾರೇಜಿನಲ್ಲಿಟ್ಟ ಹಳೆಯ ಕೀಲಿಮಣೆಯ ತಂತಿಗೆ ತುಕ್ಕು ಹತ್ತದಂತೆ ಕಾಯುವುದಕ್ಕೂ ಈ ಲೇಪ ಸಹಾಯಕ. ಆದರೆ ಇದು ವಿದ್ಯುತ್ತನ್ನು ಹರಿಯಗೊಡದ ವಸ್ತು. ಸ್ವಿಚ್ಚಿನೊಳಗಿನ ಲೋಹದ ಸಂಪರ್ಕಗಳಿಗೆ ತಾಗಬಾರದು.

ಸವರುವ ಕ್ರಮ

ಮೊದಲು ಕೀಲಿಮಣೆಯನ್ನು ಗಣಕದಿಂದ ಬೇರ್ಪಡಿಸಬೇಕು. ನಿಸ್ತಂತು ಮಾದರಿಯಾದರೆ ಅದರ ಗುಂಡಿಯನ್ನು ಆರಿಸಬೇಕು. ಉದ್ದ ಕೀಲಿಗಳ ಟೊಪ್ಪಿಗೆಗಳನ್ನು ತಂತಿಯ ಚಿಮಟಿಗೆಯಿಂದ ಎರಡು ಕಡೆಯೂ ಸಮನಾಗಿ ಮೇಲಕ್ಕೆಳೆದು ತೆಗೆಯಬೇಕು. ಬಿಚ್ಚುವ ಮುನ್ನ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಮರುಜೋಡಣೆಯಲ್ಲಿ ದಿಕ್ಕು ತಪ್ಪುವುದಿಲ್ಲ.

ಮುಂದಿನ ದಾರಿ ಕೀಲಿಮಣೆಯ ಬಗೆಯನ್ನು ಅವಲಂಬಿಸಿದೆ. ಸ್ವಿಚ್ಚುಗಳನ್ನು ಬೆಸುಗೆಯಿಲ್ಲದೆ ಕಿತ್ತು ಹಾಕಬಹುದಾದ ಮಾದರಿಯಾದರೆ ಸ್ವಿಚ್ಚುಗಳನ್ನು ತೆಗೆದು, ಕವಚವನ್ನು ಬಿಚ್ಚಿ, ಸಮತೋಲಕಗಳನ್ನು ಹೊರತೆಗೆಯಬಹುದು. ಬೆಸುಗೆ ಹಾಕಿದ ಮಾದರಿಯಾದರೆ ಬಿಚ್ಚುವ ಸಾಹಸ ಬೇಡ. ಮೊಂಡು ಸೂಜಿಯ ಒಂದು ಮಿಲಿಲೀಟರಿನ ಸಿರಿಂಜಿನಲ್ಲಿ ಜಿಡ್ಡು ತುಂಬಿ, ಕಂಬವನ್ನು ಚಿಮಟದಿಂದ ಮೇಲೆತ್ತಿ ಹಿಡಿದು, ತಂತಿ ಒಳಹೊಕ್ಕಿರುವ ಕಡೆ ಒಂದು ಹನಿಯಷ್ಟು ಇಳಿಸಿದರೆ ಅರ್ಧಕ್ಕಿಂತ ಹೆಚ್ಚು ಸದ್ದು ಅಡಗುತ್ತದೆ. ಮಡಿಲಗಣಕದ ಚಪ್ಪಟೆ ಕೀಲಿಗಳ ರಚನೆ ಬೇರೆ, ಅವನ್ನು ಮುಟ್ಟಬಾರದು.

ಹೊರತೆಗೆದ ಸಮತೋಲಕದ ತಂತಿಯನ್ನು ಮೊದಲು ಪರೀಕ್ಷಿಸಬೇಕು. ಕನ್ನಡಿಯ ಮೇಲೋ ಗಾಜಿನ ಹಲಗೆಯ ಮೇಲೋ ಅದನ್ನಿಟ್ಟು ಒಂದೊಂದು ತುದಿಯನ್ನೂ ಬೆರಳಿನಿಂದ ತಟ್ಟಬೇಕು. ಎರಡೂ ಕಡೆ ಗಾಜಿಗೆ ಅಂಟಿ ನಿಂತರೆ ತಂತಿ ನೆಟ್ಟಗಿದೆ. ಒಂದು ಕಡೆ ಕುಂಟು ಮಣೆಯಂತೆ ಕುಣಿದರೆ ಅದನ್ನು ಕೈಯಿಂದಲೇ ಸ್ವಲ್ಪ ಸ್ವಲ್ಪವಾಗಿ ತಿರುಚಿ ಸರಿಪಡಿಸಬೇಕು. ಇದರಲ್ಲಿ ತಾಳ್ಮೆಯೇ ಮುಖ್ಯ. ಹಳೆಯ ಮಾದರಿಯ ಕಂಬಗಳ ತಳದಲ್ಲಿ ಇಳಿತವನ್ನು ಮೆತ್ತಗಾಗಿಸಲು ಸಣ್ಣ ಕಾಲುಗಳಿರುತ್ತವೆ. ಕೆಲವರು ಅವನ್ನು ಉಗುರುಕತ್ತರಿಯಿಂದ ತೆಗೆದು ಇಳಿತವನ್ನು ಗಟ್ಟಿ ಮಾಡಿಕೊಳ್ಳುತ್ತಾರೆ. ಒಮ್ಮೆ ಕತ್ತರಿಸಿದರೆ ಮರಳಿ ಬಾರದು. ಆದ್ದರಿಂದ ಮೊದಲ ಸಲ ಅದನ್ನು ಬಿಟ್ಟುಬಿಡುವುದು ಕ್ಷೇಮ.

ಇನ್ನು ಲೇಪ. ಚಿತ್ರಕಾರರ ಅತಿ ಸಣ್ಣ ಕುಂಚವೊಂದು ಸಾಕು. ಗೂಡಿನ ಒಳಗೋಡೆಗಳಿಗೂ ಕಂಬದ ಹೊರಮೈಗೂ ಕ್ರೈಟಾಕ್ಸನ್ನು ತೆಳ್ಳಗೆ ಹಚ್ಚಬೇಕು. ದೋಸೆಯ ಹಂಚಿಗೆ ಈರುಳ್ಳಿಯ ಹೋಳಿನಿಂದ ಎಣ್ಣೆ ಸವರುತ್ತೇವಲ್ಲ, ಆ ಪ್ರಮಾಣ. ಮೈ ಮಿನುಗಬೇಕು, ಜಿಡ್ಡು ಗುಡ್ಡೆಯಾಗಬಾರದು. ತಂತಿಯ ತುದಿಗಳಿಗೆ ಮಾತ್ರ ಧಾರಾಳವಾಗಿ ಡೈಎಲೆಕ್ಟ್ರಿಕ್ ಗ್ರೀಸನ್ನು ಹಚ್ಚಬೇಕು. ಕಂಬದ ರಂಧ್ರದೊಳಗೂ ಸ್ವಲ್ಪ ತುಂಬಿ, ತಂತಿಯನ್ನು ಸೇರಿಸಿ, ಹತ್ತಿಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿದರೆ ಜಿಡ್ಡು ಎಡೆಯನ್ನೆಲ್ಲ ತುಂಬಿಕೊಳ್ಳುತ್ತದೆ. ಹೊರಗೆ ಉಕ್ಕಿದ್ದನ್ನು ಕಾಗದದಿಂದ ಒರೆಸಬೇಕು. ತಂತಿಯ ಉದ್ದ ಮೈ ಗೂಡಿಗೆ ತಾಗುವ ಕಡೆಯೂ ಒಂದು ತೆಳು ಲೇಪ ಇರಲಿ.

ಪರೀಕ್ಷೆ

ಎಲ್ಲವನ್ನೂ ಜೋಡಿಸಿದ ಮೇಲೆ ಕೀಲಿಯನ್ನು ಎಡತುದಿ, ನಡು, ಬಲತುದಿಗಳಲ್ಲಿ ಒತ್ತಿ ಮೂರರ ಸದ್ದೂ ಒಂದೇ ಆಗಿದೆಯೇ ಎಂದು ಕೇಳಬೇಕು. ಒಂದು ಕಡೆ ಮಾತ್ರ ಟಕ್ ಎಂದರೆ ಆ ಕಡೆಯ ರಂಧ್ರಕ್ಕೆ ಜಿಡ್ಡು ಸಾಲದೆಂದು ಅರ್ಥ. ಬಳಿಕ ತುದಿಯನ್ನು ನಿಧಾನವಾಗಿ ಒತ್ತಿ ಬಿಟ್ಟು, ಕೀಲಿ ತಡಮಾಡದೆ ಮೇಲೇಳುತ್ತದೆಯೇ ಎಂದು ನೋಡಬೇಕು. ಈ ಎರಡನೆಯ ಪರೀಕ್ಷೆ ಕನ್ನಡಿಗರಿಗೆ ಬಹಳ ಮುಖ್ಯ. ಸಾಮಾನ್ಯ ಎಂ.ಎಕ್ಸ್. ಸ್ವಿಚ್ಚಿನ ಒಟ್ಟು ಇಳಿತ 4 ಮಿಲಿಮೀಟರ್. ಸುಮಾರು 2 ಮಿಲಿಮೀಟರ್ ಇಳಿದಾಗ ಅದು ಕೀಲಿ ಒತ್ತಿದ ಸುದ್ದಿಯನ್ನು ಗಣಕಕ್ಕೆ ಮುಟ್ಟಿಸುತ್ತದೆ. ಜಿಡ್ಡು ಮಿತಿಮೀರಿ ಶಿಫ್ಟ್ ಆ ಗಡಿಯ ಕೆಳಗೆ ಅರೆಕ್ಷಣ ಹೆಚ್ಚು ನಿಂತರೂ ಆದಿ ಆಧಿಯಾಗುತ್ತದೆ. ಸದ್ದು ಅಡಗಿತೆಂದು ಹಿಗ್ಗಿ ಏಳುವ ವೇಗವನ್ನು ಕಳೆದುಕೊಂಡರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ಕೊನೆಗೆ ಬರವಣಿಗೆಯ ಪರೀಕ್ಷೆ. ಹಳ್ಳಿ, ಹಲ್ಲಿ, ಆದಿ, ಆಧಿ, ಬೆಂಗಳೂರು, ಧಾರವಾಡ ಈ ಆರು ಪದಗಳನ್ನು ವೇಗವಾಗಿ ಹತ್ತು ಸಲ ಬರೆದು ನೋಡಿ. ಒಂದೂ ತಪ್ಪಿಲ್ಲದೆ ಮೂಡಿದರೆ ಕೆಲಸ ಸಫಲವಾಯಿತು. ಸದ್ದು ಮರಳಿ ಬರುವವರೆಗೆ ಮತ್ತೆ ಬಿಚ್ಚುವ ಅಗತ್ಯವಿಲ್ಲ.

ಒಂದು ಎಚ್ಚರಿಕೆ

ಕ್ಯಾರೊಲಿನಾದ ಓದುಗರಿಗೆ 2017ರ ಜೂನ್ ತಿಂಗಳು ನೆನಪಿರಬಹುದು. ವಿಲ್ಮಿಂಗ್ಟನ್ ನಗರಕ್ಕೆ ಕುಡಿಯುವ ನೀರು ಕೊಡುವ ಕೇಪ್ ಫಿಯರ್ ನದಿಯಲ್ಲಿ ಜೆನ್‌ಎಕ್ಸ್ ಎಂಬ ಫ್ಲೋರಿನ್ ಸಂಯುಕ್ತ ಸೇರಿದೆಯೆಂಬ ಸುದ್ದಿ ಆಗ ಬಹಿರಂಗವಾಗಿ ಜನ ಕಂಗೆಟ್ಟರು. ಕ್ರೈಟಾಕ್ಸ್ ಜೆನ್‌ಎಕ್ಸ್ ಅಲ್ಲ. ಆದರೂ ಅದು ನಿಸರ್ಗದಲ್ಲಿ ಸುಲಭವಾಗಿ ಕರಗಿ ನಾಶವಾಗದ ಫ್ಲೋರಿನ್ ವಸ್ತುಗಳ ವಿಶಾಲ ಬಳಗಕ್ಕೆ ಸೇರಿದ್ದು. ಆದ್ದರಿಂದ ಕುಂಚವನ್ನು ಬಚ್ಚಲಲ್ಲಿ ತೊಳೆಯದೆ ಕಾಗದದಿಂದ ಒರೆಸಿ, ಆ ಕಾಗದವನ್ನು ಕಸದ ಬುಟ್ಟಿಗೆ ಹಾಕಬೇಕು. ಕೈಗವಸು ಧರಿಸುವುದು, ಕೆಲಸ ಮುಗಿದ ಮೇಲೆ ಊಟಕ್ಕೆ ಮೊದಲು ಕೈ ತೊಳೆಯುವುದು, ಜಿಡ್ಡಿನ ಕೈಯಲ್ಲಿ ಸಿಗರೇಟು ಹಚ್ಚದಿರುವುದು ಅಗತ್ಯ. ಬಹಳ ಕಾದರೆ ಈ ಜಿಡ್ಡಿನಿಂದ ವಿಷದ ಹೊಗೆ ಏಳುತ್ತದೆ. ಐದು ಸಮತೋಲಕಗಳಿಗೆ ಕಡಲೆಕಾಳಿನಷ್ಟು ಜಿಡ್ಡು ಸಾಕಾಗುವುದರಿಂದ ಅತಿ ಸಣ್ಣ ಡಬ್ಬಿಯನ್ನು ಕೊಂಡು ಎರಡು ಮೂರು ಮನೆಯವರು ಹಂಚಿಕೊಳ್ಳಬಹುದು. ಈ ಬಳಗದ ವಸ್ತುವೇ ಬೇಡವೆನ್ನುವವರು ಎಲ್ಲ ಕಡೆಯೂ ಸಿಲಿಕೋನ್ ಗ್ರೀಸನ್ನೇ, ಗೋಡೆಗಳಿಗೆ ಇನ್ನಷ್ಟು ತೆಳ್ಳಗೆ, ಬಳಸಿದರೂ ಕೆಲಸ ನಡೆಯುತ್ತದೆ.

ಕೊನೆಯ ಮಾತು

ಎತ್ತಿನ ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯನ್ನು ನಮ್ಮ ಹಿರಿಯರು ಬಲ್ಲರು. ಪ್ರಯಾಣಕ್ಕೆ ಮೊದಲು ಕೀಲೆಣ್ಣೆ ಹಾಕದ ಗಾಡಿ ಊರ ಬಾಗಿಲನ್ನು ದಾಟುವಷ್ಟರಲ್ಲಿ ಕೂಗತೊಡಗುತ್ತಿತ್ತು. ಕೀಲಿಮಣೆ ಎಂಬ ನಮ್ಮ ಹೊಸ ಪದದಲ್ಲೂ ಕೀಲಿಯೆಂಬ ಹಳೆಯ ಮಾತು ಕುಳಿತಿದೆ. ಅದೂ ಆರೈಕೆಯನ್ನು ಬೇಡುತ್ತದೆ.

ಮನೆಯ ಹುಡುಗ ಹುಡುಗಿಯರಿಗೆ ಈ ಕೆಲಸ ನಮಗಿಂತ ಚೆನ್ನಾಗಿ ಗೊತ್ತಿರುವ ಸಂಭವವುಂಟು. ಆಟಗಳಲ್ಲಿ ಓಡುವುದಕ್ಕೆ ಬಹುಮಟ್ಟಿಗೆ ಎಡ ಶಿಫ್ಟೇ ಬೇಕಾದ್ದರಿಂದ ಅದರ ಸುಖದುಃಖಗಳನ್ನು ಅವರು ಬಲ್ಲರು. ಅವರಿಗೆ ತಿಳಿಯದಿರುವುದು ಆ ಕೀಲಿಯ ಅಡಿಯಲ್ಲಿ ಳಕಾರ, ಣಕಾರ, ಮಹಾಪ್ರಾಣಗಳು ಮನೆಮಾಡಿಕೊಂಡಿವೆಯೆಂಬ ಸಂಗತಿ. ಅಜ್ಜ ಅಜ್ಜಿಯರಿಗೆ ತಿಳಿದಿರುವುದು ಅದೊಂದೇ. ಒಂದು ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆಯನ್ನು ಹಾಸಿ, ಮೊಮ್ಮಗ ಕುಂಚ ಹಿಡಿದು ತಂತಿಗೆ ಜಿಡ್ಡು ಸವರಲಿ. ಅಜ್ಜಿ ಪರೀಕ್ಷೆಯ ಪದಗಳನ್ನು ಹೇಳಲಿ. ಅವನು ಒಂದೊಂದಾಗಿ ಒತ್ತಿ ನೋಡಲಿ. ಹಳ್ಳಿಗೂ ಹಲ್ಲಿಗೂ ಇರುವ ವ್ಯತ್ಯಾಸವನ್ನು ಕಿವಿಯೂ ಬೆರಳೂ ಒಟ್ಟಿಗೆ ಕಲಿಯಲು ಅಷ್ಟು ಹೊತ್ತು ಸಾಕು.